ಲಕ್ಕಮ್ಮನ ಕಡೆ ಯಾರು, ಮಾರಯ್ಯನ ಕಡೆ ಯಾರು?

"ಅರ್ಥ ಆಯ್ತಾ?" ಅಂತ ಕೇಳಿದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ "ಆಯ್ತ್ರೀ ಮೇಡಂ" ಅನ್ನುತ್ತದೆ. ಆ ಉತ್ತರದಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ನಮ್ಮ ಒಂಬತ್ತನೇ ಕ್ಲಾಸಿನ ಕನ್ನಡ ಪೀರಿಯಡ್‌ನಲ್ಲಿ ಈಗ ಪ್ರಶ್ನೆ ಕೇಳಿ ಚರ್ಚೆ ನಡೆಸುವ ಕೆಲಸ ಮಕ್ಕಳದ್ದು. ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಹಳ್ಳಿ ಶಾಲೆ ನಮ್ಮದು. ಮನೆಯಲ್ಲಿ ಕೆಲವರು ಉರ್ದು ಮಾತಾಡುತ್ತಾರೆ, ಕೆಲವರು ಲಂಬಾಣಿ, ಉಳಿದವರು ಕಲಬುರಗಿ ಕನ್ನಡ.

ಪಠ್ಯ ಹಿಂದಿನ ದಿನವೇ ಕೊಡುತ್ತೇನೆ. ಚಿಕ್ಕದಿದ್ದಷ್ಟೂ ಒಳ್ಳೆಯದು. ಪ್ರತಿಯೊಬ್ಬರೂ ಒಂದು ಪ್ರಶ್ನೆ ಬರೆದು ತರಬೇಕು. ಸಾಲಿನ ಮೇಲೆ ಬೆರಳಿಟ್ಟು ಉತ್ತರ ತೋರಿಸಲು ಬಂದರೆ ಅದು ಚರ್ಚೆಗೆ ಆಗುವುದಿಲ್ಲ. "ಮಾರಯ್ಯನ ಹೆಂಡತಿ ಯಾರು?" ಅನ್ನುವುದು ಪರೀಕ್ಷೆಗೆ ಸಾಕು. "ಲಕ್ಕಮ್ಮ ಹೇಳಿದ್ದು ಬರಾಬರ್ ಅದ ಏನು?" ಅನ್ನುವುದಕ್ಕೆ ಪೂರ್ತಿ ಪೀರಿಯಡ್ ಬೇಕು.

ಹೋದ ಸಲ ಓದಿದ್ದು ಆಯ್ದಕ್ಕಿ ಲಕ್ಕಮ್ಮನ ವಚನ. ಕಥೆ ಗೊತ್ತಲ್ವಾ? 12ನೇ ಶತಮಾನದ ಕಲ್ಯಾಣ, ಅಂದರೆ ನಮ್ಮ ಪಕ್ಕದ ಬೀದರ್ ಜಿಲ್ಲೆಯ ಬಸವಕಲ್ಯಾಣ. ನೆಲಕ್ಕೆ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಜಾಸ್ತಿ ತಂದ. ಆಸೆ ಅರಸನಿಗೆ ಇರಬಹುದು, ಶಿವಭಕ್ತರಿಗೂ ಇರುತ್ತದಾ ಅಂತ ಲಕ್ಕಮ್ಮ ಶುರು ಮಾಡಿದಳು. "ಈಸಕ್ಕಿಯಾಸೆ ನಿಮಗೇಕೆ?", ಅಂದರೆ ಇಷ್ಟೊಂದು ಅಕ್ಕಿಯ ಆಸೆ ಯಾಕೆ ಅಂತ ಗಂಡನನ್ನು ನೇರವಾಗಿ ಕೇಳಿಬಿಟ್ಟಳು.

ಬೆಂಚು ಗೋಡೆಗೆ ಸರಿಸಿ, ಜಮಖಾನೆ ಹಾಸಿ, ಮಕ್ಕಳು ಗುಂಡಗೆ ಕೂತರು. ಮಾತು ನಡೆಸಲು ಇಬ್ಬರು ಹುಡುಗಿಯರು. ನಾನು ಹೊರಗೆ. ಮೊದಲಿಗೆ ಎಲ್ಲರೂ ಲಕ್ಕಮ್ಮನ ಕಡೆ. ಆಸೆ ಕೆಟ್ಟದ್ದು ಅಂದರು, ಸುಮ್ಮನಾದರು. ಆಗ ಬಾಯಿ ಹಾಕಬಾರದು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕೂಡ ಕಾಯುವುದಿಲ್ಲ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ನಾನು ಅದಕ್ಕಿಂತ ಜಾಸ್ತಿಯೇ ಕಾಯುತ್ತೇನೆ.

ಅಷ್ಟೊತ್ತು ಸುಮ್ನಿದ್ದ ಒಬ್ಬ ಹುಡುಗ ಬಾಯಿ ಬಿಟ್ಟ. ಅವನ ಅಪ್ಪ ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಹಮಾಲಿ ಮಾಡುತ್ತಾರೆ. "ಗಂಜ್‌ದಾಗ ಚೀಲ ಇಳಿಸಿದ ಮ್ಯಾಲ ಹೆಣ್ಮಕ್ಕಳು ನೆಲಕ್ಕ ಬಿದ್ದ ತೊಗರಿ ಆಯ್ಕೊಂಡು ಹೋಗ್ತಾರ. ಒಂದಿನ ಜಾಸ್ತಿ ಸಿಕ್ಕರ ಒಯ್ಯಬಾರದೇನು? ನಾಳಿಗಿ ಸಿಗಲಿಲ್ಲಂದ್ರ?"

ಅಲ್ಲಿಂದ ಮಾತಿಗೆ ಬಿಸಿ ಹತ್ತಿತು. "ಬ್ಯಾರೆಯವರಿಗೂ ಬೇಕಲ್ಲ" ಅಂದಳು ಒಬ್ಬಳು. "ಅದು ವಚನದಾಗ ಎಲ್ಲದ?" ಅಂದ ಇನ್ನೊಬ್ಬ. ಇದು ನಮ್ಮ ಕ್ಲಾಸಿನ ಕಾಯಂ ಪ್ರಶ್ನೆ. ಏನೇ ಹೇಳಲಿ, ಸಾಲು ತೋರಿಸಬೇಕು. ಎಲ್ಲರೂ ಮತ್ತೆ ಹಾಳೆ ನೋಡಿದರು. ಆಗ ಮಾತು ನಡೆಸುತ್ತಿದ್ದವಳೇ ಹೇಳಿದಳು: "ಗಂಡಗ ಬೈಯೋ ಮೊದಲು ಅರಸನ ಹೆಸರು ತೆಗದಾಳ ನೋಡ್ರಿ. ಕೂಡಿ ಇಡೋರು ಯಾರು ಅಂತ ಆಕಿಗಿ ಗೊತ್ತದ." ಇಂಥ ಮಾತನ್ನು ಯಾವ ಗೈಡೂ ಬರೆದುಕೊಡುವುದಿಲ್ಲ.

ಚರ್ಚೆ ನಡೆಯುವಾಗ ಯಾರ ಭಾಷೆಯನ್ನೂ ತಿದ್ದುವುದಿಲ್ಲ. ಪುಸ್ತಕದ ಕನ್ನಡದಲ್ಲೇ ಹೇಳು ಅಂದಿದ್ದರೆ ಆ ಹುಡುಗ ತೊಗರಿಯ ಮಾತು ಎತ್ತುತ್ತಲೇ ಇರಲಿಲ್ಲ. ಲಂಬಾಣಿ ಹುಡುಗಿಯೊಬ್ಬಳು ತನ್ನ ಮಾತನ್ನು ಪಕ್ಕದವಳ ಕಿವಿಯಲ್ಲಿ ಹೇಳಿ ಅವಳಿಂದ ಹೇಳಿಸುತ್ತಾಳೆ. ಅದಕ್ಕೂ ನನ್ನ ಒಪ್ಪಿಗೆ ಇದೆ. ತಿದ್ದುವುದು ಬರೆಯುವಾಗ ಇದ್ದೇ ಇದೆ.

ನಾನು ಮಾಡುವುದು ಒಂದೇ ಕೆಲಸ. ಹಾಳೆಯಲ್ಲಿ ಗುಂಡಗೆ ಹೆಸರು ಬರೆದು, ಮಾತು ಯಾರಿಂದ ಯಾರಿಗೆ ಹೋಯಿತೋ ಅಲ್ಲಿಗೆ ಗೆರೆ ಎಳೆಯುತ್ತೇನೆ. ಕೊನೆಗೆ ಅದನ್ನು ಮಕ್ಕಳಿಗೇ ಕೊಡುತ್ತೇನೆ. ಗೆರೆ ಮುಟ್ಟದ ಹೆಸರು ಅವರಿಗೇ ಕಾಣುತ್ತದೆ. ಮುಂದಿನ ಸಲ ಮಾತು ನಡೆಸುವವರು ಆ ಕಡೆ ತಿರುಗಿ "ನಿನಗೇನ್ ಅನಸ್ತದ?" ಅಂತ ಕೇಳುತ್ತಾರೆ. ಅಂಕ ಮಾತ್ರ ಕೊಡುವುದಿಲ್ಲ. ಅಂಕ ಇಟ್ಟ ಕೂಡಲೇ ಮಕ್ಕಳು ಒಬ್ಬರಿಗೊಬ್ಬರು ಮಾತಾಡುವುದು ಬಿಟ್ಟು ನನ್ನ ಮುಖ ನೋಡಿ ಮಾತಾಡುತ್ತಾರೆ.

ಸಿಲಬಸ್ ಯಾವಾಗ ಮುಗಿಸ್ತೀರಿ ಅಂತ ಜೊತೆಯವರು ಕೇಳುತ್ತಾರೆ. ಎಲ್ಲ ಪಾಠಕ್ಕೂ ಇದು ಆಗುವುದಿಲ್ಲ, ನಿಜ. ಎರಡೂ ಕಡೆ ವಾದ ಮಾಡಲು ಬರುವ ಪಾಠಗಳನ್ನು ಮಾತ್ರ ಆರಿಸುತ್ತೇನೆ. ಮಕ್ಕಳು ಜಾಸ್ತಿ ಇದ್ದರೆ ಒಳಗೊಂದು, ಹೊರಗೊಂದು ಸಾಲು ಮಾಡಿ ಗುಂಡಗೆ ಕೂಡಿಸಿ. ಒಳಗಿನವರು ಮಾತಾಡಲಿ, ಹೊರಗಿನವರು ತಮ್ಮ ಮುಂದೆ ಕೂತವರ ಒಂದು ಒಳ್ಳೆಯ ಮಾತು ಬರೆದುಕೊಳ್ಳಲಿ. ಅರ್ಧ ಪೀರಿಯಡ್‌ಗೆ ಜಾಗ ಅದಲುಬದಲು. ಎರಡನೇ ಸಲ ಒಳಗೆ ಬಂದವರ ಮಾತೇ ಹೆಚ್ಚಾಗಿ ಗಟ್ಟಿ ಇರುತ್ತದೆ. ಅಷ್ಟೊತ್ತು ಕೇಳಿಸಿಕೊಂಡು ಬಂದಿರುತ್ತಾರಲ್ಲ.