ದೇವರ ಗೋಡೆ ಬಿಟ್ಟು ಇನ್ನೊಂದು ಗೋಡೆ

ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ನಾನು ನಿಲ್ಲಲು ಶುರು ಮಾಡಿ 22 ವರ್ಷ ಆಯಿತು. ಕುರ್ಚಿ ಇದೆ, ಆದರೆ ಗಿರಾಕಿಗಳು ಜಾಸ್ತಿ ಇರುವಾಗ ಕೂರಲು ಎಲ್ಲಿ ಆಗುತ್ತದೆ? ರಾತ್ರಿ ಡೊಂಬಿವಲಿ ಲೋಕಲ್‌ನಲ್ಲಿ ಮತ್ತೆ ನಿಂತೇ ಬರಬೇಕು. ಮನೆಯಲ್ಲಿ ಸಾಕ್ಸ್ ತೆಗೆದರೆ ರಬ್ಬರಿನ ಗೆರೆ ಕಾಲಿನ ಸುತ್ತ ಅಚ್ಚೊತ್ತಿರುತ್ತಿತ್ತು. ಪಾದದ ಗಂಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಬೆರಳು ತೆಗೆದರೂ ಗುಳಿ ಹಾಗೇ ಇರುತ್ತಿತ್ತು.

ವರ್ಷಗಟ್ಟಲೆ ಟಿವಿ ಎದುರು ಕೂತು ಕಾಲನ್ನು ಸ್ಟೂಲ್ ಮೇಲೆ ಇಡುತ್ತಿದ್ದೆ. ಹಾಯಾಗುತ್ತಿತ್ತು, ಊತ ಮಾತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಕಾರಣ ತಿಳಿಸಿದ್ದು ನಮ್ಮ ಡಾಕ್ಟರು. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ. ಅದು ಕೆಳಗೆ ಜಾರದ ಹಾಗೆ ರಕ್ತನಾಳದೊಳಗೆ ಪುಟ್ಟ ಪುಟ್ಟ ಕವಾಟಗಳಿವೆ. ಸುಮ್ನೆ ನಿಂತರೆ ಆ ಹಿಂಡುವ ಕೆಲಸ ನಿಲ್ಲುತ್ತದೆ, ರಕ್ತ ಕೆಳಗೇ ನಿಲ್ಲುತ್ತದೆ, ನೀರಿನ ಅಂಶ ಜಿನುಗಿ ಕಾಲು ಊದುತ್ತದೆ. ಕಾಲು ಎದೆಗಿಂತ ಎತ್ತರದಲ್ಲಿದ್ದರೆ ರಕ್ತ ತಾನಾಗಿ ವಾಪಸ್ಸು ಇಳಿದು ಬರುತ್ತದೆ. ಸ್ಟೂಲ್ ಎದೆಗಿಂತ ಕೆಳಗೇ ಇತ್ತಲ್ವಾ!

ನಮ್ಮದು ಒಂದು ರೂಮು, ಒಂದು ಅಡುಗೆಮನೆ. ಕಾಲನ್ನು ಗೋಡೆಗೆ ಎತ್ತಿಟ್ಟು ಮಲಗೋಣ ಅಂದರೆ, ಖಾಲಿ ಇದ್ದ ಗೋಡೆಯಲ್ಲಿ ದೇವರ ಫೋಟೋ. ಊರಿಂದ ಬಂದಿದ್ದ ಅಮ್ಮ, "ದೇವರ ಕಡೆ ಕಾಲು ಚಾಚುವುದುಂಟಾ ಮಗಾ?" ಅಂದರು. ನನಗೂ ಮನಸ್ಸು ಬರಲಿಲ್ಲ. ಎದುರು ಗೋಡೆಯ ಕಪಾಟನ್ನು ಸರಿಸಿದೆವು.

ಈಗ ಊಟಕ್ಕೆ ಮೊದಲು 15 ನಿಮಿಷ ಅಲ್ಲಿ ಮಲಗುತ್ತೇನೆ. ಮೊದಮೊದಲು ಕಾಲನ್ನು ನೆಟ್ಟಗೆ ಗೋಡೆಗೆ ಒರಗಿಸುತ್ತಿದ್ದೆ, ಜೋಮು ಹಿಡಿಯುತ್ತಿತ್ತು. ಎರಡು ದಿಂಬು, ಮಡಚಿದ ಕಂಬಳಿ ಇಟ್ಟು, ಮೊಣಕಾಲು ಸ್ವಲ್ಪ ಮಡಿಸಿದರೆ ಸರಿಯಾಯಿತು. ಹಿಮ್ಮಡಿ ಮಾತ್ರ ಅಲ್ಲ, ಮೀನಖಂಡ ಪೂರ್ತಿ ದಿಂಬಿನ ಮೇಲಿರಬೇಕು. ಸ್ವಲ್ಪ ಹೊತ್ತಿಗೆ ಪಾದದ ಕೆಂಪು ಇಳಿಯುತ್ತದೆ, ಕಾಲಿಗೆ ಕಟ್ಟಿದ ಕಲ್ಲು ಯಾರೋ ಬಿಚ್ಚಿದ ಹಾಗಾಗುತ್ತದೆ. ಕೌಂಟರಿನಲ್ಲಿ ನಿಂತಾಗಲೂ ಆಗಾಗ ಹಿಮ್ಮಡಿ ಎತ್ತಿ ಇಳಿಸುತ್ತೇನೆ.

ಆದರೆ ಎಲ್ಲ ಊತಕ್ಕೂ ಇದೇ ಮದ್ದು ಅಂದುಕೊಳ್ಳಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯುತ್ತಿದ್ದರೆ ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಾಲಿಗೆ ರಕ್ತ ಒಯ್ಯುವ ನಾಳವೇ ಕಟ್ಟಿದವರಿಗೆ ಕಾಲೆತ್ತಿದರೆ ನೋವು ಹೆಚ್ಚುತ್ತದೆ. ಬಿಪಿಯ ಕೆಲವು ಮಾತ್ರೆಗಳಿಂದಲೂ ಪಾದ ಊದುವುದುಂಟು. ಹಾಗಾಗಿ ಒಮ್ಮೆ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ.

ನಮ್ಮ ದೋಸೆ ಕಾವಲಿಯ ಹುಡುಗನಿಗೆ ಈಗಲೇ ಸಂಜೆಗೆ ಪಾದ ದಪ್ಪವಾಗುತ್ತದೆ. ಅವನನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೊನ್ನೆ ಮಧ್ಯಾಹ್ನ ಗೋಡೌನಿಗೆ ಹೋದರೆ, ಗೋಣಿ ಹಾಸಿ ಮಲಗಿ, ಅಕ್ಕಿ ಮೂಟೆಯ ಮೇಲೆ ಎರಡೂ ಕಾಲು ಇಟ್ಟಿದ್ದ. "ಇನ್ನು 5 ನಿಮಿಷ ಅಣ್ಣಾ" ಅಂದ. ಬಾಗಿಲು ಮುಂದೆ ಮಾಡಿ ಬಂದೆ.