ಕ್ರೂಗರ್‌ಗೆ ಹೊರಟಿದ್ದೀರಾ? ಮೊದಲು ಸ್ಟೆಪ್ನಿ ನೋಡಿ

ಸಿಂಹದ ಕಥೆ ಬೇಕಿದ್ದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ನಾನು ನೋಡಿದ್ದು ಸಿಂಹದ ಒಂದು ಕಿವಿ, ಅದೂ ಇಪ್ಪತ್ತು ಕಾರುಗಳ ಹಿಂದೆ ಸಿಕ್ಕಿಹಾಕಿಕೊಂಡು. ಕಾಡಿಗೆ ಹೋಗಿ ಟ್ರಾಫಿಕ್ ಜಾಮ್‌ನಲ್ಲಿ ಕೂರುವುದು ನನ್ನಿಂದ ಆಗದ ಕೆಲಸ. ಹತ್ತು ನಿಮಿಷಕ್ಕೆ ಅಲ್ಲಿಂದ ಹೊರಟೆವು. ಹೇಳಬೇಕಾಗಿರುವುದು ಟೈರಿನ ವಿಷಯ.

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಬಂಡೀಪುರದ ಹಾಗೆ ಸಫಾರಿ ಬಸ್ಸನ್ನೋ ಜೀಪನ್ನೋ ಹತ್ತಲೇಬೇಕು ಅಂತಿಲ್ಲ. ನಮ್ಮ ಕಾರನ್ನು ನಾವೇ ಓಡಿಸಿಕೊಂಡು ಹೋಗಬಹುದು. ಅಲ್ಲೂ ರಸ್ತೆಯ ಎಡಬದಿಯೇ, ಕಷ್ಟ ಇಲ್ಲ. ಜೋಹಾನ್ಸ್‌ಬರ್ಗ್‌ನಲ್ಲಿ ಒಂದು ಸಣ್ಣ ಕಾರು ಬಾಡಿಗೆಗೆ ತೆಗೆದುಕೊಂಡೆವು. ಕೌಂಟರಿನಲ್ಲಿದ್ದವನು 'ಫುಲ್ ಇನ್ಶೂರೆನ್ಸ್, ಚಿಂತೆ ಬೇಡ' ಎಂದ. ನಾನು ಬಾಗಿಲಿನ ಗೀರುಗಳ ಫೋಟೊ ಎಲ್ಲಾ ತೆಗೆದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಹೇಗಿದೆ ಅಂತ ಮಾತ್ರ ನೋಡಲಿಲ್ಲ.

ಆ ದಿನ ಲೋವರ್ ಸಾಬಿ ಕ್ಯಾಂಪಿನಿಂದ ಸಟಾರಾ ಕ್ಯಾಂಪಿಗೆ ಹೋಗಬೇಕಿತ್ತು. ಕ್ಯಾಂಪ್ ಅಂದರೆ ಕಾಡಿನೊಳಗೆ ರಾತ್ರಿ ತಂಗುವ ಜಾಗ. ದೂರ ತೊಂಬತ್ತು ಚಿಲ್ಲರೆ ಕಿ.ಮೀ. ಜುಲೈನಲ್ಲಿ ಕ್ಯಾಂಪಿನ ಗೇಟು ಬೆಳಿಗ್ಗೆ 6ಕ್ಕೆ ತೆಗೆದು ಸಂಜೆ 5.30ಕ್ಕೆ ಹಾಕುತ್ತಾರೆ. ಇಷ್ಟು ದೂರಕ್ಕೆ ಇಡೀ ದಿನವಾ ಅಂತ ನಕ್ಕಿದ್ದೆವು. ಡಾಂಬರು ರಸ್ತೆಯಲ್ಲಿ ಗಂಟೆಗೆ 50, ಮಣ್ಣುರಸ್ತೆಯಲ್ಲಿ 40 ಕಿ.ಮೀ. ಮಿತಿ. ಆದರೆ ಪ್ರಾಣಿಗಳು ಕಾಣಬೇಕಾದರೆ 25ರ ಮೇಲೆ ಹೋಗಲೇಬಾರದು. ಕ್ಯಾಂಪಿನ ಪಕ್ಕದ ಸನ್‌ಸೆಟ್ ಡ್ಯಾಮಿನಲ್ಲೇ ನಮಗೆ ಒಂದೂವರೆ ಗಂಟೆ ಹೋಯಿತು. ನೀರಾನೆಯ ಬೆನ್ನ ಮೇಲೆ ಒಂದು ಬಕಪಕ್ಷಿ ಬಸ್ ಸ್ಟಾಪಿನಲ್ಲಿ ನಿಂತ ಹಾಗೆ ನಿಂತಿತ್ತು. ಅದನ್ನು ಬಿಟ್ಟು ಬರುವ ಮನಸ್ಸೇ ಆಗಲಿಲ್ಲ.

ಮ್ಯಾಪಿನಲ್ಲಿ 'ಎಚ್' ನಂಬರಿನವು ಮುಖ್ಯ ರಸ್ತೆಗಳು. 'ಎಸ್' ನಂಬರಿನವು ಹೆಚ್ಚಾಗಿ ಮಣ್ಣುರಸ್ತೆಗಳು. ಜನ ಕಡಿಮೆ ಅಂತ ಒಂದು 'ಎಸ್' ರಸ್ತೆಗೆ ಇಳಿದೆ. ಸ್ವಲ್ಪ ಹೊತ್ತಿಗೆ ಹೆಂಡತಿ, 'ರೀ, ಕಾರು ಎಡಕ್ಕೆ ಎಳೀತಿದೆ ಅಲ್ವಾ?' ಎಂದಳು. ಚೂಪು ಕಲ್ಲು ತಾಗಿ ಮುಂದಿನ ಟೈರಿನ ಗಾಳಿ ನಿಧಾನವಾಗಿ ಇಳಿಯುತ್ತಿತ್ತು. ಅಭ್ಯಾಸಬಲ, ಬಾಗಿಲಿಗೆ ಕೈ ಹಾಕಿದೆ. ಹಿಂದಿನ ಸೀಟಿನಿಂದ ಭಾವಮೈದ ಕಾಲರ್ ಹಿಡಿದ. 'ಭಾವ, ಇಳೀಬೇಡಿ!' ಗೊತ್ತುಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಉದ್ಯಾನದ ಗೇಟಿನಲ್ಲಿ ಕೊಡುವ ಪರ್ಮಿಟ್ ಚೀಟಿಯಲ್ಲಿ ತುರ್ತು ಫೋನ್ ನಂಬರ್ ಇರುತ್ತದೆ, ನಮಗೆ ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ನಡೆಯುವ ವೇಗದಲ್ಲಿ ಉರುಳಿಸಿಕೊಂಡು, ಇಳಿಯಲು ಬಿಡುವ ತ್ಶೊಕ್ವಾನೆ ಪಿಕ್ನಿಕ್ ಜಾಗ ಸೇರಿದೆವು.

ಅಲ್ಲಿ ಡಿಕ್ಕಿ ತೆಗೆದರೆ ಸೈಕಲ್ ಚಕ್ರದಂಥ ಸಪೂರ ಸ್ಟೆಪ್ನಿ. ಜಾಕ್ ಇತ್ತು, ಚಕ್ರದ ನಟ್ಟು ಬಿಚ್ಚುವ ಪಾನ ಇರಲಿಲ್ಲ. ಪಕ್ಕದ ಪಿಕಪ್‌ನವರು ತಮ್ಮದನ್ನು ಕೊಟ್ಟು, ಅವರೇ ಮುಂದೆ ನಿಂತು ಚಕ್ರ ಬದಲಿಸಿಕೊಟ್ಟರು.

ತ್ಶೊಕ್ವಾನೆಯನ್ನು ಮಾತ್ರ ತಪ್ಪಿಸಬೇಡಿ. ಕ್ಯಾಂಪಿನ ರೆಸ್ಟೋರೆಂಟುಗಳಲ್ಲಿ ಸಸ್ಯಾಹಾರಿಗಳಿಗೆ ಚಿಪ್ಸ್ ಬಿಟ್ಟರೆ ಜಾಸ್ತಿ ಏನೂ ಸಿಗಲಿಲ್ಲ, ಬಿಲ್ ಮಾತ್ರ ಭರ್ತಿ. ಪಿಕ್ನಿಕ್ ಜಾಗದಲ್ಲಿ ಸ್ಕಾಟಲ್ ಅಂತ ಬಾಡಿಗೆಗೆ ಕೊಡುತ್ತಾರೆ. ಗ್ಯಾಸ್ ಸಿಲಿಂಡರಿನ ಮೇಲೆ ಕೂತ ದೊಡ್ಡ ಕಾವಲಿ ಅದು, ನಡುವೆ ಸ್ವಲ್ಪ ತಗ್ಗು. ಊರಿಂದ ಹುರಿದು ತಂದ ರವೆ ಇತ್ತು, ಈರುಳ್ಳಿ, ಹಸಿಮೆಣಸು ದಾರಿಯ ಸೂಪರ್ ಮಾರ್ಕೆಟ್ಟಿನದು. ಸಾಸಿವೆ ಚಟಪಟ ಅಂದದ್ದೇ ತಡ, ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಪಾನ ಕೊಟ್ಟವರಿಗೂ ಒಂದು ತಟ್ಟೆ ಉಪ್ಪಿಟ್ಟು ಕೊಟ್ಟೆವು. ಕಪ್ಪು ಮುಖದ ವರ್ವೆಟ್ ಮಂಗ ಒಂದು ಬಂದು, ಉಪ್ಪಿಟ್ಟು ಮೂಸಿಯೂ ನೋಡದೆ, ಬಾಳೆಹಣ್ಣಿನ ಚೀಲ ಎತ್ತಿಕೊಂಡು ಮರ ಹತ್ತಿತು. ಊಟ ಮಾಡುವಾಗ ಒಬ್ಬರು ಕಾವಲು ಕಾಯಲೇಬೇಕು.

ಹೊರಟಾಗ ಮೂರೂವರೆ. ಉಳಿದದ್ದು ಸುಮಾರು ಐವತ್ತು ಕಿ.ಮೀ., ಎಲ್ಲಾ ಡಾಂಬರು. ಸಾಕಷ್ಟು ಸಮಯ ಇದೆ ಅಂದುಕೊಂಡೆ. ಅರ್ಧ ದಾರಿಯಲ್ಲಿ ಆನೆ ಹಿಂಡು, ಮರಿಗಳೂ ಇದ್ದವು. ರಸ್ತೆಯ ಮೇಲೇ ನಿಂತು ನಿಧಾನಕ್ಕೆ ಮರ ಮುರಿಯುತ್ತಿದ್ದವು. ಒಂದು ಹೆಣ್ಣಾನೆ ಕಿವಿ ಅಗಲಿಸಿ ತಲೆ ಕೊಡವಿ ನಮ್ಮ ಕಡೆ ನಾಲ್ಕು ಹೆಜ್ಜೆ ಇಟ್ಟಿತು. ಸಣ್ಣ ಕಾರಿನಿಂದ ನೋಡಿದರೆ ಕಾಣುವುದು ಆನೆಯ ಮೊಣಕಾಲು, ಅಷ್ಟೇ. ಹಾರ್ನ್ ಮಾಡಬೇಡಿ, ನಡುವೆ ನುಗ್ಗಬೇಡಿ. ನಾನು ಸುಮ್ನೆ ಇನ್ನೂರು ಮೀಟರ್ ರಿವರ್ಸ್ ಬಂದು ನಿಂತೆ. ಹಿಂದೆ ಬರುವವರು ನಿಮಗೆ ಅಂಟಿಕೊಂಡು ನಿಲ್ಲದಂತೆ ಕೈ ತೋರಿಸಿ, ಇಲ್ಲದಿದ್ದರೆ ರಿವರ್ಸ್ ಹೋಗಲು ಜಾಗವೇ ಇರುವುದಿಲ್ಲ. ಮುಕ್ಕಾಲು ಗಂಟೆ ಆಯಿತು.

ಸಟಾರಾ ಗೇಟಿಗೆ ಬಂದಾಗ 5.41. 'ಆನೆ ಅಡ್ಡ ಬಂತು' ಎಂದೆ. ಗೇಟಿನಲ್ಲಿದ್ದಾಕೆ 'ಎಲ್ಲರಿಗೂ ಆನೆಯೇ ಬರುತ್ತದೆ' ಅನ್ನುತ್ತಾ ಕಾರಿನ ನಂಬರ್ ಬರೆದುಕೊಂಡಳು. ತಡವಾದರೆ ದಂಡ ಹಾಕಬಹುದು, ನಮಗೆ ಬೈಗುಳದಲ್ಲೇ ಮುಗಿಯಿತು. ಮಧ್ಯಾಹ್ನ ಮೂರಕ್ಕೆ ನೀವು ಕ್ಯಾಂಪಿನಿಂದ ಇಪ್ಪತ್ತು ಕಿ.ಮೀ. ಒಳಗೆ ಇರುವ ಹಾಗೆ ಪ್ಲಾನ್ ಮಾಡಿಕೊಳ್ಳಿ.

ಕಾರು ವಾಪಸ್ ಕೊಟ್ಟಾಗ ಗೊತ್ತಾಯಿತು, 'ಫುಲ್ ಇನ್ಶೂರೆನ್ಸ್'ನಲ್ಲಿ ಟೈರ್, ಗಾಜು, ಕಾರಿನ ಅಡಿಭಾಗ ಮೂರೂ ಇಲ್ಲ. ಹೊಸ ಟೈರಿನ ದುಡ್ಡು, ಅದರ ಮೇಲೆ 'ನಿರ್ವಹಣಾ ಶುಲ್ಕ' ಅಂತ ಇನ್ನೊಂದಿಷ್ಟು. ಇದಕ್ಕೆ ಬೇರೆ ಕವರ್ ಸಿಗುತ್ತದೆಯಾ ಅಂತ ಕಾರು ತೆಗೆದುಕೊಳ್ಳುವಾಗಲೇ ಬಾಯಿಬಿಟ್ಟು ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ಪಾನ ಇದೆಯಾ ಅಂತಲೂ ನೋಡಿ.