ಅಮ್ಮನಿಗೆ ಸಬ್‌ಟೈಟಲ್ ಓದಿ ಹೇಳುತ್ತಾ ನೋಡಿದ ಸೀರಿಯಲ್ಲು, ಸಿನಿಮಾ: ನಾಲ್ಕು ತಿಂಗಳ ಟಿಪ್ಪಣಿ

ಮೊದಲ ವಾರ

ಫೆಬ್ರವರಿಯಲ್ಲಿ ಅಮ್ಮ ಗಂಗೊಳ್ಳಿಯಿಂದ ನನ್ನ ಜೊತೆ ಇರಲು ಬಂದರು. ರಾತ್ರಿ ಊಟ ಆದ ಮೇಲೆ ನಾನು ಕೊರಿಯನ್ ಸೀರಿಯಲ್ ಹಾಕಿಕೊಂಡು ಕೂರುತ್ತಿದ್ದೆ. ಅಮ್ಮನೂ ಪಕ್ಕದಲ್ಲಿ ಬಂದು ಕೂತು, ಮುಖಗಳನ್ನು ನೋಡಿಯೇ ಕಥೆ ಊಹಿಸುತ್ತಿದ್ದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಸಬ್‌ಟೈಟಲ್ ಓಡುವ ವೇಗಕ್ಕೆ ಕಣ್ಣು ಹೋಗುವುದಿಲ್ಲ. ಮೂರನೇ ದಿನ ಅವರೇ ಕೇಳಿದರು, ‘ಅವಳು ಎಂತ ಹೇಳಿದ್ದು, ಓದಿ ಹೇಳು.’ ಅಲ್ಲಿಂದ ಶುರುವಾಯಿತು. ನಾನು ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳುವುದು, ಅಮ್ಮ ಕೇಳುತ್ತಾ ನೋಡುವುದು. ದಿನಕ್ಕೆ ಒಂದು ಎಪಿಸೋಡು, ಅಷ್ಟೇ. ಅದಕ್ಕಿಂತ ಜಾಸ್ತಿ ಆದರೆ ಗಂಟಲು ಕಟ್ಟುತ್ತದೆ.

ಸುಮ್ನೆ ನೋಡಿ ಮರೆಯುವ ಬದಲು ಬರೆದಿಡೋಣ ಅಂತ ಈ ಟಿಪ್ಪಣಿ.

ರಿಪ್ಲೈ 1988, ಒಟ್ಟು 20 ಎಪಿಸೋಡು

ಮೊದಲು ಇದನ್ನೇ ಆರಿಸಿದೆ. ನಾನು ಆಗಲೇ ಒಂದು ಸಲ ನೋಡಿದ್ದೆ, ಹಾಗಾಗಿ ಓದಿ ಹೇಳುವುದು ಸುಲಭ ಅನ್ನಿಸಿತು. 2015ರ ನವೆಂಬರ್‌ನಿಂದ 2016ರ ಜನವರಿವರೆಗೆ ಕೊರಿಯಾದಲ್ಲಿ ಪ್ರಸಾರವಾದದ್ದು. ಸಿಯೋಲ್‌ನ ಸ್ಸಾಂಗ್‌ಮುನ್‌ದೊಂಗ್ ಅನ್ನುವ ಬಡಾವಣೆ, ಅಲ್ಲೊಂದು ಓಣಿ, ಐದು ಮನೆ, ಐದು ಮಕ್ಕಳು. ಒಲಿಂಪಿಕ್ಸ್ ನಡೆದ ವರ್ಷ. ಆ ಮಕ್ಕಳಲ್ಲಿ ಒಬ್ಬಳಾದ ದೊಕ್‌ಸೊನ್‌ಳ ಅಪ್ಪ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾನೆ, ಆದರೂ ಮನೆಯವರೆಲ್ಲ ನೆಲಮಾಳಿಗೆಯಂಥ ಮನೆಯಲ್ಲಿ ಬಾಡಿಗೆಗಿದ್ದಾರೆ. ಯಾಕೆಂದರೆ ಅವನು ಗೆಳೆಯನಿಗೆ ಜಾಮೀನು ನಿಂತು ಸಾಲ ಹೊತ್ತವನು. ‘ಜಾಮೀನು ನಿಂತ’ ಅಂದದ್ದೇ ತಡ, ಅಮ್ಮ ನಿಟ್ಟುಸಿರು ಬಿಟ್ಟರು. ಮುಂದೆ ಏನೂ ವಿವರಿಸಬೇಕಾಗಲಿಲ್ಲ.

ಮೊದಲ ಎಪಿಸೋಡಿನಲ್ಲೇ ಒಂದು ಸಂಜೆಯ ದೃಶ್ಯ ಇದೆ. ಒಬ್ಬ ತಾಯಿ ಮಗನ ಕೈಲಿ ಒಂದು ಬಟ್ಟಲು ಕೊಟ್ಟು ಪಕ್ಕದ ಮನೆಗೆ ಕಳಿಸುತ್ತಾಳೆ. ಆ ಮನೆಯವರು ಬಟ್ಟಲು ಖಾಲಿ ವಾಪಸ್ ಕೊಡುವುದುಂಟೇ? ಇನ್ನೇನೋ ಹಾಕಿ ಕಳಿಸುತ್ತಾರೆ. ಅದು ಮತ್ತೊಂದು ಮನೆಗೆ, ಅಲ್ಲಿಂದ ಇನ್ನೊಂದಕ್ಕೆ. ಕೊನೆಗೆ ಓಣಿಯ ತುಂಬ ಮಕ್ಕಳು ಕೈಯಲ್ಲಿ ತಟ್ಟೆ, ಬಟ್ಟಲು ಹಿಡಿದು ಎದುರುಬದುರು ಓಡಾಡುತ್ತಿರುತ್ತಾರೆ. ಅಮ್ಮ ಇಲ್ಲಿ ನನ್ನನ್ನು ತಡೆದು, ‘ಓದಬೇಡ, ಗೊತ್ತಾಯ್ತು’ ಅಂದರು. ಊರಿನಲ್ಲಿ ನಾನೂ ಹಾಗೇ ಪಕ್ಕದ ಮನೆಗೆ ಪಾಯಸದ ಲೋಟ ಹಿಡಿದುಕೊಂಡು ಹೋಗಿದ್ದು ನೆನಪಾಯಿತು. ಖಾಲಿ ಪಾತ್ರೆ ತಿರುಗಿ ಕಳಿಸಬಾರದು ಅಂತ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತಿದ್ದರು.

ಓದಿ ಹೇಳಲು ಶುರು ಮಾಡಿದ ಮೇಲೆ ನನಗೆ ಮೊದಲು ಕಂಡದ್ದು ಒಂದು ಸಂಗತಿ. ಇಂಗ್ಲಿಷ್‌ನಲ್ಲಿ ಬರೆದದ್ದನ್ನು ನಾನು ಕನ್ನಡಕ್ಕೆ ತರುತ್ತಿದ್ದೆ, ಆದರೆ ಕಿವಿಗೆ ಬೀಳುವ ಕೊರಿಯನ್ ಮಾತು ಆ ಇಂಗ್ಲಿಷ್‌ಗಿಂತ ಕನ್ನಡಕ್ಕೇ ಹತ್ತಿರ ಇತ್ತು. ಅಪ್ಪನಿಗೆ ಅವರು ‘ಅಪ್ಪಾ’ ಅಂತಾರೆ, ಅಮ್ಮನಿಗೆ ‘ಒಮ್ಮಾ’. ಮೊದಲ ದಿನ ಅಮ್ಮ ಬೆಚ್ಚಿ ನನ್ನ ಕಡೆ ತಿರುಗಿದ್ದರು, ‘ಅಪ್ಪಾ ಅಂದ್ಲಲ್ಲ!’ ಇದು ಬರೀ ಕಾಕತಾಳೀಯ ಅಂತಾರೆ. ಇರಲಿ. ಆದರೆ ವಾಕ್ಯ ಕಟ್ಟುವ ರೀತಿ ನೋಡಿ. ‘ನಾ ನೆಇಲ್ ಹಕ್ಯೋಎ ಗಾ’ ಅಂದರೆ ‘ನಾ ನಾಳೆ ಶಾಲೆಗೆ ಹೋಗ್ತೀನಿ’. ಒಂದೊಂದು ಪದವೂ ಅದರದರ ಜಾಗದಲ್ಲೇ ಕೂರುತ್ತದೆ. ‘ಶಾಲೆಗೆ’ ಅನ್ನುವಲ್ಲಿ ನಮಗೆ ‘ಗೆ’ ಇದ್ದಂತೆ ಅವರಿಗೆ ‘ಎ’. ಕ್ರಿಯಾಪದ ಕೊನೆಗೆ.

ಇದು ವ್ಯಾಕರಣದ ಮಾತು ಅಂತ ಅನ್ನಿಸಬಹುದು. ಆದರೆ ಎದುರಿಗೆ ಕೂತು ಓದುವವರಿಗೆ ಇದೇ ದೊಡ್ಡದು. ಒಬ್ಬಳು ಅಳುತ್ತಾ, ತಡೆತಡೆದು ಒಂದು ಮಾತು ಹೇಳುತ್ತಿದ್ದಾಳೆ ಅಂದುಕೊಳ್ಳಿ. ಆಗುತ್ತೋ ಇಲ್ಲವೋ ಅನ್ನುವುದು ಅವಳ ವಾಕ್ಯದ ತುದಿಯಲ್ಲಿದೆ. ಇಂಗ್ಲಿಷ್ ಸಾಲು ಅದನ್ನು ಮೊದಲೇ ಪರದೆ ಮೇಲೆ ಬಿಟ್ಟುಕೊಟ್ಟಿರುತ್ತದೆ. ನಾನು ಕನ್ನಡದಲ್ಲಿ ಅವಳ ಜೊತೆಗೇ ಹೊರಟರೆ ಅವಳ ಜೊತೆಗೇ ಮುಗಿಸಬಹುದು. ಏಳೆಂಟು ಎಪಿಸೋಡು ಕಳೆದ ಮೇಲೆ ಇದು ಕೈಗೆ ಹತ್ತಿತು. ಒಂದೊಂದು ಸಲ ಪಾತ್ರವೂ ನಾನೂ ಒಟ್ಟಿಗೆ ಮಾತು ನಿಲ್ಲಿಸಿದಾಗ ಮೈ ಜುಮ್ಮೆನ್ನುತ್ತದೆ.

ಕರೆಯುವ ಹೆಸರುಗಳೂ ಹಾಗೆಯೇ. ಈ ಓಣಿಯ ಹೆಂಗಸರು ಪರಸ್ಪರ ‘ದೊಕ್‌ಸೊನ್ ಅಮ್ಮ’, ‘ಸೊನ್‌ವು ಅಮ್ಮ’ ಅಂತಲೇ ಕರೆದುಕೊಳ್ಳುತ್ತಾರೆ. ನಮ್ಮ ಬೀದಿಯಲ್ಲೂ ಅಷ್ಟೇ ಅಲ್ವಾ? ನನ್ನ ಅಮ್ಮನ ಸ್ವಂತ ಹೆಸರು ನಮ್ಮ ಅಕ್ಕಪಕ್ಕದ ಅರ್ಧ ಜನಕ್ಕೆ ಗೊತ್ತಿಲ್ಲ.

ತೊಂದರೆ ಬಂದದ್ದು ‘ಒಪ್ಪಾ’ ಅನ್ನುವ ಪದದ ಹತ್ತಿರ. ಹುಡುಗಿ ತನ್ನ ಅಣ್ಣನನ್ನು ಕರೆಯುವ ಪದ ಅದು. ಪ್ರೀತಿಸುವವನನ್ನು ಕರೆಯುವುದಕ್ಕೂ ಅದೇ. ಸೊನ್‌ವುವಿನ ಅಮ್ಮ ಗಂಡನನ್ನು ಕಳೆದುಕೊಂಡವಳು. ಅದೇ ಓಣಿಯಲ್ಲಿ ಇನ್ನೊಬ್ಬ ಹುಡುಗ ಟೇಕ್‌ನ ಅಪ್ಪ, ಹೆಂಡತಿ ಇಲ್ಲದವನು. ಇಬ್ಬರೂ ಒಂದೇ ಊರಿನವರು, ಹಾಗಾಗಿ ಅವಳು ಅವನನ್ನು ‘ಒಪ್ಪಾ’ ಅಂತಾಳೆ. ನಾನು ‘ಅಣ್ಣ’ ಅಂತಲೇ ಹೇಳಿಕೊಂಡು ಬಂದೆ. ಇಬ್ಬರ ನಡುವೆ ಮೆಲ್ಲಗೆ ಬೇರೇನೋ ಚಿಗುರುವ ಹೊತ್ತಿಗೆ ಅಮ್ಮ ರಿಮೋಟ್ ಕಿತ್ತುಕೊಂಡರು. ‘ಅಣ್ಣ ಅಂತ ಕರೆದವನನ್ನ ಹೇಗೆ ಮಾರಾಯ್ತಿ?’

ಸರಿಯಾದ ಪ್ರಶ್ನೆ. ಕನ್ನಡದಲ್ಲಿ ಅಣ್ಣ ಅಂದರೆ ಆ ಬಾಗಿಲು ಮುಚ್ಚಿದ ಹಾಗೆ. ಒಂದು ದಿನ ಪೂರ್ತಿ ಇದೇ ಚರ್ಚೆ. ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಾ ಅಮ್ಮನೇ ದಾರಿ ಹುಡುಕಿದರು, ‘ಭಾವ ಅನ್ನು. ಅತ್ತೆ ಮಗನೂ ಭಾವನೇ, ಮದುವೆ ಆಗೋಕೂ ಅಡ್ಡಿ ಇಲ್ಲ.’ ಎಷ್ಟು ಚೆನ್ನಾಗಿ ಹೊಂದಿತು ಅಂದರೆ, ಹಿಂದಿನ ಎರಡು ಎಪಿಸೋಡುಗಳ ಅವರಿಬ್ಬರ ದೃಶ್ಯಗಳನ್ನು ಮತ್ತೆ ಹಾಕಿ ‘ಭಾವ’ ಅಂತ ಓದಿದೆ. ಅವಳ ದನಿಯಲ್ಲಿದ್ದ ಸಲಿಗೆ, ಸಂಕೋಚ ಎರಡೂ ಆ ಒಂದು ಪದಕ್ಕೆ ಬಂತು. ಸೊನ್‌ವು ದೊಕ್‌ಸೊನ್‌ಳ ಅಕ್ಕ ಬೋರಾಳನ್ನು ‘ನೂನಾ’ ಅನ್ನುತ್ತಾನೆ, ಅಂದರೆ ಅಕ್ಕ. ಅವನ ಪ್ರೀತಿಯೂ ಅವಳ ಮೇಲೆಯೇ. ಅದಕ್ಕೆ ಮಾತ್ರ ನಮ್ಮಿಬ್ಬರಿಗೂ ದಾರಿ ಸಿಗಲಿಲ್ಲ. ‘ನೂನಾ’ ಅಂತಲೇ ಬಿಟ್ಟೆವು.

20 ಎಪಿಸೋಡು ಮುಗಿಸಲು ಒಂದು ತಿಂಗಳು ಹಿಡಿಯಿತು. ನಡುವಿನ ಕೆಲವು ಎಪಿಸೋಡು ಉದ್ದ ಎಳೆದಿದ್ದಾರೆ, ಮುಂದೆ ದೊಕ್‌ಸೊನ್‌ಳ ಗಂಡ ಯಾರು ಅನ್ನುವ ಊಹೆಯ ಆಟ ನನಗೆ ಅಷ್ಟು ಬೇಕಿರಲಿಲ್ಲ. ಮನೆಗಳ ಕಥೆಯೇ ಸಾಕಿತ್ತು.

ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್, 16 ಎಪಿಸೋಡು

2025ರ ಮಾರ್ಚ್‌ನಲ್ಲಿ ವಾರಕ್ಕೆ ನಾಲ್ಕರಂತೆ ಬಂದಿತ್ತು. ಈಗ ಅಮ್ಮನಿಗಾಗಿ ಎರಡನೇ ಸಲ. ಇಂಗ್ಲಿಷ್ ಹೆಸರಿಗೂ ಮೂಲ ಹೆಸರಿಗೂ ಸಂಬಂಧವೇ ಇಲ್ಲ. ಮೂಲ ಹೆಸರು ಜೇಜು ದ್ವೀಪದ ಆಡುಮಾತಿನಲ್ಲಿದೆ. ಸಿಯೋಲ್‌ನವರ ಕಿವಿಗೆ ಅದು ‘ಪೂರ್ತಿ ಮೋಸಹೋದೆ’ ಅಂತ ಕೇಳುತ್ತದಂತೆ. ಜೇಜುವಿನಲ್ಲಿ ಅದರ ಅರ್ಥ ‘ತುಂಬಾ ಕಷ್ಟಪಟ್ಟಿರಿ’ ಅಂತ, ದುಡಿದು ಬಂದವರಿಗೆ ಪ್ರೀತಿಯಿಂದ ಹೇಳುವ ಮಾತು. ಅಮ್ಮನಿಗೆ ವಿವರಿಸಿದೆ. ‘ದಣಿದು ಬಂದ್ರಿ, ಕೂತ್ಕೊಳ್ಳಿ ಅಂತೇವಲ್ಲ, ಅದೇ’ ಅಂದರು. ಆಮೇಲೆ ನಮ್ಮ ಮನೆಯಲ್ಲಿ ಈ ಸೀರಿಯಲ್ಲಿನ ಹೆಸರೇ ‘ದಣಿದು ಬಂದ್ರಿ’.

ಗಂಗೊಳ್ಳಿಯವರಿಗೆ ಇದನ್ನು ತೋರಿಸುವಾಗ ನನಗೆ ಸ್ವಲ್ಪ ಭಯ ಇತ್ತು. ಕಡಲು, ದೋಣಿ, ಮೀನು, ವಾಪಸ್ ಬಾರದವರು, ಎಲ್ಲ ಇದೆ. ಕಥಾನಾಯಕಿ ಎಸುನ್‌ಳ ತಾಯಿ ಗ್ವಾಂಗ್‌ರ್ಯೆ ‘ಹೆನ್ಯೊ’. ಅಂದರೆ ಆಮ್ಲಜನಕದ ಸಿಲಿಂಡರ್ ಇಲ್ಲದೆ, ಉಸಿರು ಕಟ್ಟಿಕೊಂಡು ಕಡಲ ತಳಕ್ಕೆ ಮುಳುಗಿ ಚಿಪ್ಪುಜೀವಿ, ಕಡಲಕಳೆ ತರುವ ಹೆಂಗಸು. 2016ರಲ್ಲಿ ಯುನೆಸ್ಕೋ ಈ ಹೆನ್ಯೊ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿತು. ನೀರಿನಿಂದ ಮೇಲೆ ಬಂದ ಕೂಡಲೇ ಅವರು ಕಟ್ಟಿದ ಉಸಿರನ್ನು ಸಿಳ್ಳೆಯ ಹಾಗೆ ಬಿಡುತ್ತಾರೆ. ಆ ಸದ್ದಿಗೂ ಅವರಲ್ಲಿ ಒಂದು ಹೆಸರಿದೆ, ‘ಸುಂಬಿಸೊರಿ’. ಅಮ್ಮನಿಗೆ ನಮ್ಮ ಹೊಳೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ಮಟ್ಟ ನೀರಿಗಿಳಿದು ಕಪ್ಪೆಚಿಪ್ಪು ಹೆಕ್ಕುವವರು ನೆನಪಾದರು. ‘ಅವರೂ ಬುಟ್ಟಿ ಇಳಿಸುವಾಗ ಹೀಗೇ ಉಸಿರು ಬಿಡ್ತಿದ್ರು’ ಅಂದರು.

ಪುಟ್ಟ ಎಸುನ್ ಶಾಲೆಯಲ್ಲಿ ಒಂದು ಕವಿತೆ ಬರೆಯುತ್ತಾಳೆ. ಅಮ್ಮನನ್ನು ಮನೆಗೆ ಬಿಡದೆ ಕಡಲಲ್ಲೇ ಹಿಡಿದಿಟ್ಟುಕೊಳ್ಳುವ ಅಬಲೋನ್ ಚಿಪ್ಪಿನ ಮೇಲೆ ಅವಳಿಗೆ ಸಿಟ್ಟು. ಇದನ್ನು ಓಡುವ ವೇಗದಲ್ಲಿ ಹೇಳಿದರೆ ಹಾಳಾಗುತ್ತದೆ ಅನ್ನಿಸಿ, ಪಾಸ್ ಮಾಡಿ ಸಾಲು ಸಾಲಾಗಿ ಕನ್ನಡದಲ್ಲಿ ಬರೆದುಕೊಂಡು ಓದಿದೆ. ಅರ್ಧ ಗಂಟೆ ಬೇಕಾಯಿತು. ಅಮ್ಮ ಇನ್ನೊಂದು ಸಲ ಓದಿಸಿದರು. ಗ್ವಾಂಗ್‌ರ್ಯೆ 29ಕ್ಕೆ ಸಾಯುತ್ತಾಳೆ. ಆ ರಾತ್ರಿ ಮುಂದಿನದು ಹಾಕಲಿಲ್ಲ.

ಈ ಸೀರಿಯಲ್ಲಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ ದೃಶ್ಯದಲ್ಲಿ ಮಾತೇ ಕಮ್ಮಿ. ಎಸುನ್ ಮದುವೆಯಾಗಿ ಗ್ವಾನ್‌ಶಿಕ್‌ನ ಮನೆಗೆ ಬಂದಿದ್ದಾಳೆ. ಊಟಕ್ಕೆ ಗಂಡಸರ ಮೇಜು ಬೇರೆ, ಹೆಂಗಸರದು ಬೇರೆ. ಗ್ವಾನ್‌ಶಿಕ್ ಗಂಡಸರ ಮೇಜಿನಲ್ಲಿ ಕೂತಿದ್ದಾನೆ. ಅವನ ಬೆನ್ನ ಹಿಂದೆ ಹೆಂಡತಿ. ಅವನು ಜಗಳ ಆಡುವುದಿಲ್ಲ, ಭಾಷಣ ಮಾಡುವುದಿಲ್ಲ. ಕೂತಲ್ಲೇ ಪೂರ್ತಿ ಹಿಂದಕ್ಕೆ ತಿರುಗಿ, ಗಂಡಸರಿಗೆ ಬೆನ್ನು ಹಾಕಿ, ಎಸುನ್‌ಗೆ ಎದುರಾಗಿ ಕೂತು ಊಟ ಮಾಡುತ್ತಾನೆ. ಅಷ್ಟೇ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲೂ ಅಮ್ಮ, ದೊಡ್ಡಮ್ಮ ಎಲ್ಲರದ್ದೂ ಆದ ಮೇಲೆ ಅಡುಗೆಮನೆಯ ನೆಲದಲ್ಲಿ ಕೂತು ಉಣ್ಣುತ್ತಿದ್ದರು, ಸಾರು ಅಷ್ಟು ಹೊತ್ತಿಗೆ ತಣ್ಣಗಾಗಿರುತ್ತಿತ್ತು. ಅಮ್ಮ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಒಳ್ಳೆ ಹುಡುಗ’ ಅಂದರು. ಮುಂದಿನ ಎಪಿಸೋಡುಗಳಲ್ಲೂ ಗ್ವಾನ್‌ಶಿಕ್ ಬಂದಾಗಲೆಲ್ಲ ಅವರು ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು.

ಹಸಿವಿನ ದಿನಗಳಲ್ಲಿ ಇವರ ಅಕ್ಕಿ ಡಬ್ಬ ಬರಿದಾಗದಂತೆ ಮನೆ ಮಾಲೀಕರಾದ ಮುದುಕ ಮುದುಕಿ ಗುಟ್ಟಾಗಿ ಅಕ್ಕಿ ಹಾಕುವ ಭಾಗವೂ ಇದೆ. ಅಲ್ಲಿ ನನ್ನ ದನಿ ಕಟ್ಟಿತು, ಎರಡು ಮೂರು ಸಾಲು ಹೇಳಲಾಗಲಿಲ್ಲ. ಅಮ್ಮ ಕೇಳಲೂ ಇಲ್ಲ.

ನಡುವೆ ಎರಡು ಸಿನಿಮಾ

ಸೀರಿಯಲ್ಲಿನಿಂದ ಸ್ವಲ್ಪ ಬಿಡುವು ಬೇಕಿತ್ತು. ಥಾಯ್ಲೆಂಡಿನ ‘ಹೌ ಟು ಮೇಕ್ ಮಿಲಿಯನ್ಸ್ ಬಿಫೋರ್ ಗ್ರ್ಯಾಂಡ್‌ಮಾ ಡೈಸ್’ (2024) ಹಾಕಿದೆ. ಬ್ಯಾಂಕಾಕಿನ ಚೀನೀ ಮೂಲದ ಮನೆ. ಅಜ್ಜಿಗೆ ಕರುಳಿನ ಕ್ಯಾನ್ಸರ್. ಬೆಳಗಿನ ಜಾವ ಎದ್ದು ಗಂಜಿ ಮಾರುವ ಅಜ್ಜಿ ಅವಳು. ಆಸ್ತಿ ಸಿಗಬಹುದು ಅಂತ ಮೊಮ್ಮಗ ಸೇವೆಗೆ ಬರುತ್ತಾನೆ. ಅವಳನ್ನು ಎಲ್ಲರೂ ಕರೆಯುವುದು ‘ಆಮಾ’ ಅಂತ. ಅಜ್ಜಿಯ ಪಾತ್ರ ಮಾಡಿದವರ ಹೆಸರು ಉಷಾ ಸೀಮ್ಖುಮ್. ಎಪ್ಪತ್ತು ದಾಟಿದ ಮೇಲೆ ಅವರ ಮೊದಲ ಸಿನಿಮಾ ಇದು. ‘ಉಷಾ? ನಮ್ಮ ಉಷಾನೇಯಾ?’ ಅಂತ ಅಮ್ಮನಿಗೆ ಖುಷಿಯೋ ಖುಷಿ. ಆರೈಕೆ ಮಾಡುವುದು ಮಗಳು, ಮನೆ ಹೋಗುವುದು ಗಂಡುಮಕ್ಕಳಿಗೆ. ಈ ಲೆಕ್ಕವನ್ನು ಸಿನಿಮಾ ಕೂಗಾಡದೆ ಮುಂದಿಡುತ್ತದೆ. ಕೊನೆಯ ಭಾಗ ಬರೆಯುವುದಿಲ್ಲ, ನೋಡದವರು ನೋಡಲೇಬೇಕು.

ಕೊರೆಎಡ ಅವರ ‘ಸ್ಟಿಲ್ ವಾಕಿಂಗ್’ (2008) ಜಪಾನಿನದು. ನಿರ್ದೇಶಕ ತನ್ನ ತಾಯಿ ತೀರಿಕೊಂಡ ಮೇಲೆ ಮಾಡಿದ ಸಿನಿಮಾ. ಯಾರನ್ನೋ ಉಳಿಸಲು ಹೋಗಿ ಮುಳುಗಿ ಸತ್ತ ದೊಡ್ಡ ಮಗನ ನೆನಪಿನ ದಿನ, ಮನೆಮಂದಿ ಸೇರುತ್ತಾರೆ. ತಾಯಿ ಹಸಿ ಜೋಳದ ಕಾಳು ಬಿಡಿಸಿ, ಹಿಟ್ಟಿನಲ್ಲಿ ಕಲಸಿ ಎಣ್ಣೆಗೆ ಬಿಡುತ್ತಾಳೆ. ಕಾಳು ಚಟಪಟ ಸಿಡಿಯುತ್ತದೆ. ಅಮ್ಮ ಮಾರನೇ ದಿನ ಅದನ್ನೇ ಮಾಡಿದರು, ಕಡಲೆಹಿಟ್ಟು ಹಾಕಿ, ಸ್ವಲ್ಪ ಇಂಗು ಸೇರಿಸಿ.

ಆದರೆ ಅದೇ ತಾಯಿ, ಬದುಕುಳಿದ ಆ ಹುಡುಗನನ್ನು ಪ್ರತಿ ವರ್ಷ ಮನೆಗೆ ಕರೆಯುತ್ತಾಳೆ. ಪ್ರೀತಿಯಿಂದಲ್ಲ. ಅವನೂ ವರ್ಷಕ್ಕೊಂದು ದಿನವಾದರೂ ನೋಯಲಿ ಅಂತ. ಇದನ್ನು ಅವಳು ಕೈಯಲ್ಲಿನ ಹೆಣಿಗೆ ನಿಲ್ಲಿಸದೆ, ಮೆತ್ತಗೆ ಹೇಳುತ್ತಾಳೆ. ನಾನೂ ಮೆತ್ತಗೇ ಓದಿದೆ. ತಾಯಿಯಾಗಿ ಕಿರಿನ್ ಕಿಕಿ ಮಾಡಿದ್ದಾರೆ, ಅಷ್ಟು ತಣ್ಣಗೆ ಹೇಳಲು ಇನ್ನೊಬ್ಬರಿಗೆ ಆಗಲಿಕ್ಕಿಲ್ಲ. ಅದು ತಪ್ಪು ಅಂತ ನಾನಂದೆ. ಅಮ್ಮ ಒಪ್ಪಲಿಲ್ಲ. ‘ಮಗ ಹೋದವಳು ಅವಳು, ನೀನಲ್ಲ.’

ಜಪಾನೀ ಸಿನಿಮಾಗಳಲ್ಲಿ ಮನೆಯಿಂದ ಹೊರಡುವವರು ‘ಇತ್ತೆಕಿಮಾಸು’ ಅಂತಾರೆ. ಪದಕ್ಕೆ ಪದ ಅದು ‘ಹೋಗಿ ಬರ್ತೀನಿ’. ಇಂಗ್ಲಿಷ್ ಸಾಲಿನಲ್ಲಿ ಮಾತ್ರ ‘ಹೊರಟೆ’ ಅನ್ನುವಷ್ಟೇ ಇರುತ್ತದೆ, ವಾಪಸ್ ಬರುವ ಮಾತೇ ಇಲ್ಲ. ನಾನು ಎಲ್ಲ ಕಡೆಯೂ ‘ಹೋಗಿ ಬರ್ತೀನಿ’ ಅಂತಲೇ ಹೇಳುತ್ತೇನೆ. ಕೊರಿಯನ್‌ನ ‘ಬಾಪ್ ಮೊಗೊಸ್ಸೊ?’ಗೂ ಹಾಗೆಯೇ, ಯೋಚನೆ ಮಾಡದೆ ‘ಊಟ ಆಯ್ತಾ?’

ಮೈ ಮಿಸ್ಟರ್, 16ರಲ್ಲಿ 8 ಎಪಿಸೋಡು ಆಗಿದೆ

2018ರದು. ಟ್ಯಾಂಜರೀನ್ಸ್ ಮಾಡಿದ ಕಿಮ್ ವೊನ್‌ಸೊಕ್ ಅವರೇ ಇದರ ನಿರ್ದೇಶಕರು, ನಾಯಕಿಯೂ ಅದರಲ್ಲಿ ಎಸುನ್ ಪಾತ್ರ ಮಾಡಿದ ನಟಿ ಐಯು. ಎದುರಿಗೆ ಲೀ ಸುನ್‌ಗ್ಯುನ್, 2023ರ ಡಿಸೆಂಬರ್‌ನಲ್ಲಿ ತೀರಿಹೋದವರು. ಅವರ ಮುಖ ನೋಡಿದಾಗ ಈಗಲೂ ಸಂಕಟ ಆಗುತ್ತದೆ. ಅಮ್ಮನಿಗೆ ಮೂರನೇ ಎಪಿಸೋಡಿಗೇ ಭಾರ ಆಗಿತ್ತು, ಹತ್ತು ದಿನ ನಿಲ್ಲಿಸಿದ್ದೆವು. ಜಿಯಾನ್ ಎಂಬ ಹುಡುಗಿ ಆಫೀಸಿನಿಂದ ಕದ್ದು ತಂದ ಕಾಫಿ ಪುಡಿಯ ಪೊಟ್ಟಣ ಬಿಸಿನೀರಿಗೆ ಹಾಕಿಕೊಂಡು ಕುಡಿಯುತ್ತಾಳೆ, ರಾತ್ರಿಯ ಊಟ ಅದೇ. ಅದು ಅಮ್ಮನಿಗೆ ನೋಡಲಾಗಲಿಲ್ಲ.

ಮತ್ತೆ ಹಾಕು ಅಂದದ್ದು ಅವರೇ. ‘ಆ ಹುಡುಗಿ ಊಟ ಮಾಡಿದ್ಲಾ ನೋಡ್ಬೇಕು.’

ಇಲ್ಲಿ ‘ಅಜೊಶ್ಶಿ’ಗೆ ಏನು ಹೇಳಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಗುರುತಿಲ್ಲದ ನಡುವಯಸ್ಸಿನ ಗಂಡಸನ್ನು ಕರೆಯುವ ಪದ. ‘ಅಂಕಲ್’ ಅಂದರೆ ತೀರಾ ಹಗುರ, ‘ಚಿಕ್ಕಪ್ಪ’ ಅಂದರೆ ಹತ್ತಿರದ ನೆಂಟ ಆಗಿಬಿಡುತ್ತಾನೆ, ‘ಸರ್’ ಅಂದರೆ ಆಫೀಸು. ಸದ್ಯಕ್ಕೆ ‘ನೋಡಿ’ ಅಂತಷ್ಟೇ ಹೇಳಿ ‘ನೀವು’ ಬಳಸುತ್ತಿದ್ದೇನೆ.

ಜಿಯಾನ್‌ಳ ಅಜ್ಜಿಗೆ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ, ಕೈಸನ್ನೆ. ಅಜ್ಜಿಗೆ ಚಂದ್ರನನ್ನು ತೋರಿಸಬೇಕು. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ರಾತ್ರಿ ಓಣಿಯಲ್ಲಿ ತಳ್ಳಿಕೊಂಡು ಹೋಗುತ್ತಾಳೆ. ಗಾಡಿಯ ಚಕ್ರದ ಸದ್ದು, ಅಜ್ಜಿಯ ಮುಖ, ಮೇಲೆ ಚಂದ್ರ. ಓದಿ ಹೇಳಲು ನನಗೆ ಏನೂ ಇರಲಿಲ್ಲ. ಅಮ್ಮನ ಜೊತೆ ಸುಮ್ನೆ ನೋಡಿದೆ. ಮುಗಿದ ಮೇಲೆ ಅಮ್ಮ ಎದ್ದು ಬಾಲ್ಕನಿಗೆ ಹೋದರು. ಎದುರಿನ ಅಪಾರ್ಟ್‌ಮೆಂಟ್ ಅಡ್ಡ ಇತ್ತು, ಏನೂ ಕಾಣಿಸಲಿಲ್ಲ. ಟೆರೇಸಿಗೆ ಹೋಗೋಣ ಅಂದರು. ಹೋದೆವು.

ನಾಳೆ ಒಂಬತ್ತನೇ ಎಪಿಸೋಡು.